ಬ್ರಾ ಅಳತೆಯ ವಿಚಾರವಾಗಿ ತಂಗಿಯ ಮಗಳಿಗೊಂದು ಪತ್ರ

ಬಳ್ಳಾರಿ

ಚಿರಂಜೀವಿ ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಸಿಂಧನೂರಿನ ಮನೆ ಬಾಡಿಗೆ, ಶಾಲೆಯ ಹೊಸ ವೇಳಾಪಟ್ಟಿ, ನಿನ್ನ ಅವ್ವನ ಮೊಣಕಾಲು ನೋವು, ಇವೆಲ್ಲ ಎರಡೂ ಮನೆಗಳಲ್ಲಿ ಮಾತಾಡಿ ಮುಗಿದ ಸಂಗತಿಗಳಾದ್ದರಿಂದ ಅವುಗಳನ್ನು ಬಿಟ್ಟು ಬರೆಯುತ್ತಿದ್ದೇನೆ. ನನ್ನ ನಿದ್ದೆ ಕೆಡಿಸಿದ್ದು ಕೊನೆಯ ಪುಟದ ಎರಡು ಮಾತು. ಕೈ ಎತ್ತಿದರೆ ಬ್ರಾ ಬೆನ್ನ ಮೇಲೆ ಸರಿದುಬಿಡುತ್ತದೆಂದು ಕರಿಹಲಗೆಯ ಮೇಲರ್ಧದಲ್ಲಿ ಬರೆಯುವುದನ್ನೇ ನಿಲ್ಲಿಸಿದ್ದೇನೆ ಎಂದಿದ್ದೀಯ. ಅದರ ಕೆಳಗೇ, “ತಪ್ಪು ಅಂಗಡಿಯವರದಲ್ಲ ದೊಡ್ಡಮ್ಮ, ನನ್ನ ಮೈಯದೇ, ತೂಕ ಇಳಿಯುವ ತನಕ ಇನ್ನು ಯಾವ ಅಂಗಡಿಯ ಮೆಟ್ಟಿಲನ್ನೂ ಹತ್ತುವುದಿಲ್ಲ” ಎಂದು ಬರೆದಿದ್ದೀಯ. ಹಲಗೆಯ ಮಾತು ಓದಿ ಮನಸ್ಸು ನೊಂದಿತು. ಎರಡನೆಯದನ್ನು ಓದಿ ಭಯವಾಯಿತು.

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೊಲಿಗೆ ಹಾಕುತ್ತಲೇ ಆಯುಷ್ಯ ಕಳೆದವಳು ನಾನು. ಬಟ್ಟೆಯ ಚೀಟಿಯ ಮೇಲಿನ ನಂಬರನ್ನು ಯಾರೋ ಮನುಷ್ಯರು ಕುಳಿತು ತೀರ್ಮಾನಿಸುತ್ತಾರೆಂಬುದನ್ನು ಕಣ್ಣಾರೆ ಕಂಡಿದ್ದೇನೆ. ನಿನ್ನ ಪೆಟ್ಟಿಗೆಯಲ್ಲಿರುವ ಹಳೆಯ ಬ್ರಾಗಳ ಚೀಟಿಯನ್ನು ಬೆಳಕಿಗೆ ಹಿಡಿದು ನೋಡು. 38 ಎಂಬ ಅಂಕಿಯ ಪಕ್ಕದಲ್ಲಿ ಅನೇಕ ಕಂಪನಿಗಳು 85 ಎಂದೂ ಅಚ್ಚು ಹಾಕಿರುತ್ತವೆ. ಆ 85 ಸೆಂಟಿಮೀಟರಿನ ಲೆಕ್ಕ. ಎದೆಯ ಕೆಳಗೆ ಪಕ್ಕೆಲುಬಿನ ಸುತ್ತಳತೆ. ಅದನ್ನು ಇಂಚಿಗೆ ತಿರುಗಿಸಿದರೆ ಸುಮಾರು 33.5 ಬರುತ್ತದೆಯೇ ಹೊರತು 38 ಬರುವುದಿಲ್ಲ. ಹಾಗೆಯೇ 34ರ ಪಕ್ಕದಲ್ಲಿ 75 ಇರುತ್ತದೆ, ಅದು 29.5 ಇಂಚು. ಕೆಳಗಿನ ಸುತ್ತಳತೆಗೆ ನಾಲ್ಕೈದು ಇಂಚು ಕೂಡಿಸಿ ನಂಬರ್ ಕೊಡುವ ಹಳೆಯ ಪದ್ಧತಿ ಇಂದಿಗೂ ಚೀಟಿಯ ಮೇಲೆ ಉಳಿದುಕೊಂಡಿದೆ. ಕೆಲವು ಕಂಪನಿಗಳು ಏನನ್ನೂ ಕೂಡಿಸುವುದಿಲ್ಲ. ಒಂದೇ ಮೈಗೆ ಎರಡು ಕಂಪನಿಗಳಲ್ಲಿ ಎರಡು ನಂಬರ್ ಬರುವಾಗ, ಅದರಲ್ಲಿ ಮೈಯ ತಪ್ಪು ಎಲ್ಲಿಂದ ಬಂತು, ನೀನೇ ಹೇಳು. ಎದೆ ಕೂರುವ ಬಟ್ಟಲಿಗೆ, ಅಂದರೆ ಕಪ್ಪಿಗೆ, ಎ, ಬಿ, ಸಿ, ಡಿ ಎಂಬ ಅಕ್ಷರಗಳನ್ನು ಕೊಟ್ಟದ್ದೂ 1930ರ ದಶಕದಲ್ಲಿ, ಅಮೆರಿಕದ ಕಂಪನಿಗಳು. ಮೊದಲಿಗೆ ಅವು ಡಿ ಅಕ್ಷರಕ್ಕೇ ನಿಂತುಬಿಟ್ಟಿದ್ದವು. ಅದಕ್ಕಿಂತ ತುಂಬಿದ ಎದೆಯ ಹೆಂಗಸರು ಆಗಲೂ ಇದ್ದರು. ಅವರ ಪಾಲಿಗೆ ಅಕ್ಷರ ಇರಲಿಲ್ಲ, ಅಷ್ಟೆ.

ನಿನ್ನ ಅಜ್ಜಿಯೂ ನಿನ್ನಂತೆಯೇ ತುಂಬಿದ ಮೈಯವಳು. ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟು ಎದೆಯ ಕೆಳಗೆ ಗಂಟು ಬಿಗಿಯುತ್ತಿದ್ದಳು. ಆ ಕುಪ್ಪಸವನ್ನು ಅವಳ ಮೈ ನೋಡಿಯೇ ಕತ್ತರಿಸಿ ಹೊಲಿಯುತ್ತಿದ್ದರು. ಬಾಣಂತನದಲ್ಲಿ ಗಂಟು ಸಡಿಲವಾಗುತ್ತಿತ್ತು, ಹೊಲದ ದುಡಿಮೆಯಲ್ಲಿ ಮೈ ಇಳಿದಾಗ ಬಿಗಿಯಾಗುತ್ತಿತ್ತು. ತನ್ನ ಎದೆ ದೊಡ್ಡದೆಂದು ಅವಳು ಕೊರಗಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ನಂಬರಿನ ಬಾಡಿ, ಅಂದರೆ ಬ್ರಾ, ಬಂದದ್ದು ನನ್ನ ಕಾಲಕ್ಕೆ, ನಾಚಿಕೆಯೂ ಅದರ ಜೊತೆಗೇ ಬಂತು. ಮೊದಲ ಬಾರಿಗೆ ಕೊಳ್ಳಲು ಹೋದಾಗ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಂಗಡಿಯಲ್ಲಿದ್ದವರೆಲ್ಲರಿಗೂ ಕೇಳುವಂತೆ, “ಇಷ್ಟು ದೊಡ್ಡದು ಬರೋದಿಲ್ಲಮ್ಮ” ಎಂದ. ನಾನು ತಲೆ ತಗ್ಗಿಸಿ ಹೊರಗೆ ಬಂದೆ. ನೀನು ಬರೆದ ಸಾಲನ್ನೇ ಆಗ ನಾನೂ ಮನಸ್ಸಿನಲ್ಲಿ ಹೇಳಿಕೊಂಡಿರಬೇಕು, ಏಕೆಂದರೆ ಆಮೇಲೆ ಬಹಳ ಕಾಲ ಕೈಗೆ ಸಿಕ್ಕಿದ್ದನ್ನೇ ತೊಟ್ಟೆ.

ಅದಕ್ಕೂ ಮುಂಚೆ ನಾನು ಶಾಲೆಯ ಖೋ ಖೋ ತಂಡದಲ್ಲಿದ್ದೆ. ಕಂಬ ಸುತ್ತಿ ತಿರುಗುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ ಎಂದರೆ ನಿನ್ನ ಅವ್ವ ಈಗಲೂ ಸಾಕ್ಷಿ ನುಡಿದಾಳು. ಎಂಟನೆಯ ತರಗತಿ ದಾಟುವ ಹೊತ್ತಿಗೆ ಓಡಿದರೆ ಎದೆ ನೋಯತೊಡಗಿತು, ಆಟ ಬಿಟ್ಟೆ. ಮೇಷ್ಟ್ರು ಕಾರಣ ಕೇಳಿದರು. ಅವರಿಗೆ ಹೇಳುವಂಥ ಮಾತು ನನ್ನ ಬಳಿ ಇರಲಿಲ್ಲ. ಎದೆ ಕಾಣದಿರಲೆಂದು ಭುಜ ಮುಂದಕ್ಕೆ ಬಾಗಿಸಿ ನಡೆಯುವುದನ್ನು ಆಗಲೇ ಕಲಿತೆ, ಆ ಬಾಗು ಈಗ ನನ್ನ ಬೆನ್ನಿನಲ್ಲೇ ನಿಂತಿದೆ. ಒಂದು ಒಳಉಡುಪು ಸರಿಯಾಗಿ ಸಿಕ್ಕಿದ್ದರೆ ಎಂದು ಈ ವಯಸ್ಸಿನಲ್ಲಿ ಹಳಹಳಿಸುವುದು ನಿನಗೆ ವಿಚಿತ್ರವಾಗಿ ಕಾಣಬಹುದು, ಆದರೆ ನಿಜವಾಗಿಯೂ ಹಳಹಳಿಸುತ್ತೇನೆ. ಆದ್ದರಿಂದಲೇ ನಿನ್ನ ಹಲಗೆಯ ಮೇಲರ್ಧ ಖಾಲಿ ಉಳಿಯುತ್ತಿದೆ ಎಂಬುದು ನನಗೆ ಸಣ್ಣ ಸಂಗತಿಯಲ್ಲ.

ಮಕ್ಕಳಿಗೆ ಗಣಿತ ಹೇಳಿಕೊಡುವವಳಿಗೆ ನಾನು ಟೇಪು ಹಿಡಿಯುವುದನ್ನು ಹೇಳಿಕೊಡಬೇಕೆ ಎಂಬ ಸಂಕೋಚವಿದೆ. ಆದರೂ ಬರೆಯುತ್ತೇನೆ, ಬೇಡವಾದರೆ ಬಿಟ್ಟುಬಿಡು. ಎದೆಯ ಕೆಳಗೆ, ಬೆನ್ನಿನ ಕಡೆ ಟೇಪು ಮೇಲೇರದಂತೆ ಸಮವಾಗಿ ಹಿಡಿದು, ಉಸಿರು ಬಿಟ್ಟು, ಬಿಗಿಯಾಗಿ ಒಂದು ಅಳತೆ ತೆಗೆದುಕೋ. ಆಮೇಲೆ ಸ್ವಲ್ಪ ಮುಂದಕ್ಕೆ ಬಾಗಿ, ಎದೆ ಅತಿ ತುಂಬಿರುವಲ್ಲಿ ಟೇಪು ಒತ್ತದಂತೆ ಇನ್ನೊಂದು ಅಳತೆ. ಎರಡರ ನಡುವಿನ ವ್ಯತ್ಯಾಸವೇ ಕಪ್ಪಿನ ಅಕ್ಷರವನ್ನು ತೀರ್ಮಾನಿಸುತ್ತದೆ. ಸುಮಾರಾಗಿ ಇಂಚಿಗೆ ಒಂದು ಅಕ್ಷರ ಏರುತ್ತದೆ. ಕೂಡಿಸುವ ಕಂಪನಿ ಯಾವುದು, ಕೂಡಿಸದ ಕಂಪನಿ ಯಾವುದು ಎಂಬುದು ತಿಳಿಯುವುದು ಆಯಾ ಕಂಪನಿಯ ಅಳತೆಪಟ್ಟಿಯಿಂದಲೇ. ಆದ್ದರಿಂದ ನಂಬರನ್ನು ನೆನಪಿಟ್ಟುಕೊಳ್ಳುವ ಬದಲು ಈ ಎರಡು ಅಳತೆಗಳನ್ನು ಬರೆದಿಟ್ಟುಕೋ.

ನಿನಗೆ 42ರ ಸಿ ಕೊಟ್ಟಿದ್ದಾರೆ, ಅದೂ ಬೆನ್ನ ಮೇಲೆ ಸರಿಯುತ್ತದೆ ಎಂದಿದ್ದೀಯ. ನಮ್ಮ ಕಡೆಯ ಅಂಗಡಿಗಳಲ್ಲಿ ಕಪ್ ಸಾಲದಿದ್ದರೆ ಮುಂದಿನ ನಂಬರ್ ಕೊಟ್ಟು ಕಳಿಸುವುದೇ ರೂಢಿ. ಎದೆಯ ಭಾರವನ್ನು ಹೆಚ್ಚಾಗಿ ಹೊರಬೇಕಾದದ್ದು ಸುತ್ತಿನ ಪಟ್ಟಿ, ಭುಜದ ಪಟ್ಟಿಯಲ್ಲ. ಸುತ್ತಿನ ಪಟ್ಟಿ ಸಡಿಲವಾದರೆ ಹಿಂದೆ ಮೇಲೇರುತ್ತದೆ, ಮುಂದೆ ಎದೆ ಇಳಿಯುತ್ತದೆ. ಆಗ ಭುಜದ ಪಟ್ಟಿ ಎಳೆದೆಳೆದು ಬಿಗಿ ಮಾಡುತ್ತೇವೆ, ಭುಜದಲ್ಲಿ ಹಳ್ಳ ಬೀಳುತ್ತದೆ. ನಿನಗೆ ಪಟ್ಟಿ ಚಿಕ್ಕದಾಗಬೇಕು, ಅಕ್ಷರ ಏರಬೇಕು. ಮೈ ಇದ್ದ ಹಾಗೇ ಇರಲಿ. 42ರ ಸಿ ಕಪ್ಪಿನಲ್ಲಿ ಹಿಡಿಯುವಷ್ಟನ್ನೇ 40ರ ಡಿ ಕಪ್ಪೂ ಹಿಡಿಯುತ್ತದೆ. 40ರಲ್ಲಿ ಮತ್ತೆ ಸಿ ಕೇಳಿದರೆ ಪಟ್ಟಿಯ ಜೊತೆಗೆ ಕಪ್ಪೂ ಕಿರಿದಾಗಿ ಎದೆ ಅಂಚಿನ ಮೇಲೆ ಉಕ್ಕುತ್ತದೆ, ಆಗ ನೀನು ಮತ್ತೆ ನಿನ್ನ ಮೈಯನ್ನೇ ಬೈದುಕೊಳ್ಳುತ್ತೀಯ. ಅದು ನನಗೆ ಬೇಡ.

ತೊಟ್ಟು ನೋಡುವಾಗ ಹುಕ್ಕನ್ನು ಅತಿ ಸಡಿಲವಾದ ಸಾಲಿಗೇ ಹಾಕು. ದಿನ ಕಳೆದಂತೆ ಎಲಾಸ್ಟಿಕ್ ಸಡಿಲವಾದಾಗ ಒಳಸಾಲುಗಳು ಬೇಕಾಗುತ್ತವೆ. ಪಟ್ಟಿಯೊಳಗೆ ಎರಡು ಬೆರಳು ತೂರಿದರೆ ಸಾಕು. ಎರಡು ಕಪ್ಪುಗಳ ನಡುವಿನ ತುಂಡು ಎದೆಯ ಮೂಳೆಗೆ ತಾಗಿ ಕೂರಬೇಕು. ಒಂದು ಎದೆ ಇನ್ನೊಂದಕ್ಕಿಂತ ತುಸು ದೊಡ್ಡದಿರುವುದು ಬಹುತೇಕ ಎಲ್ಲ ಹೆಂಗಸರಿಗೂ ಸಹಜ, ದೊಡ್ಡದಕ್ಕೇ ಹೊಂದಿಸು. ಬರೆಯುವವಳಂತೆ ಕೈ ಎತ್ತಿ ನೋಡಿಯೇ ದುಡ್ಡು ಕೊಡು. ಅಗಲ ಭುಜಪಟ್ಟಿ, ಹಿಂದೆ ಮೂರು ಅಥವಾ ನಾಲ್ಕು ಹುಕ್ಕಿನ ಅಗಲ ಪಟ್ಟಿ ಇದ್ದರೆ ನಮ್ಮಂಥವರಿಗೆ ಹಿತ.

ತೂಕ ಇಳಿಸಬೇಡ ಎಂದು ನಾನು ಹೇಳುವುದಿಲ್ಲ, ಅದು ನಿನ್ನ ಇಷ್ಟ. ರಾತ್ರಿ ಊಟ ಬಿಟ್ಟಿದ್ದೀಯೆಂದು ನಿನ್ನ ಅವ್ವ ಹೇಳಿದ್ದು ಮಾತ್ರ ಸರಿ ಕಾಣಲಿಲ್ಲ. ಎದೆಯಲ್ಲಿ ಕೊಬ್ಬೂ ಇದೆ, ಹಾಲಿನ ಗ್ರಂಥಿಯೂ ಇದೆ. ಯಾರಲ್ಲಿ ಯಾವುದು ಎಷ್ಟೆಂಬುದು ಒಬ್ಬೊಬ್ಬರಿಗೆ ಒಂದೊಂದು ರೀತಿ, ಹಾಗಾಗಿ ಮೈ ಇಳಿದರೂ ಕೆಲವರ ಎದೆ ಅಷ್ಟಾಗಿ ಇಳಿಯುವುದಿಲ್ಲ. ಮೇಲಾಗಿ, ಬೆಳಗಿನ ನಡಿಗೆಗೆ ಹೋದರೆ ಎದೆ ನೋಯುತ್ತದೆಂದು ನೀನೇ ಬರೆದಿದ್ದೀಯ. ನಡೆಯಲು ಆಧಾರ ಬೇಕು, ಆಧಾರ ಕೊಳ್ಳಲು ತೂಕ ಇಳಿಯಬೇಕು, ತೂಕ ಇಳಿಯಲು ನಡೆಯಬೇಕು ಎಂದು ಕುಳಿತರೆ ಯಾವುದೂ ಆಗುವುದಿಲ್ಲ ತಾಯಿ. ಈ ಮೈ ಇವತ್ತು ಹೇಗಿದೆಯೋ ಹಾಗೆಯೇ ದಿನವಿಡೀ ಪಾಠ ಮಾಡುತ್ತದೆ, ಬಸ್ಸಿನಲ್ಲಿ ನಿಂತು ಬರುತ್ತದೆ. ಅದಕ್ಕೆ ಇವತ್ತೇ ಹೊಂದುವ ಬಟ್ಟೆ ಬೇಕು.

ರಾಯಚೂರು ಸೀಮೆಯ ಬಿಸಿಲು ನಿನಗೆ ಹೊಸದಲ್ಲ. 40 ಡಿಗ್ರಿ ದಾಟುವ ದಿನಗಳಲ್ಲಿ ಎದೆಯ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಚರ್ಮ ಕೆಂಪಾಗಿ ಉರಿಯುತ್ತದೆ. ಅಲ್ಲಿ ಬೂಷ್ಟಿನ ಸೋಂಕು ಬೇಗ ಹತ್ತುತ್ತದೆ. ಎದೆಯನ್ನು ಮೇಲೆತ್ತಿ ಹಿಡಿಯುವ ಹತ್ತಿಯ ಬ್ರಾ ಇದ್ದರೆ ಅದು ಎಷ್ಟೋ ಕಡಿಮೆ. ಸ್ನಾನವಾದ ಮೇಲೆ ಆ ಜಾಗವನ್ನು ಪೂರ್ತಿ ಒರೆಸಿಕೋ, ತುರಿಕೆ ಹೋಗದಿದ್ದರೆ ನಾಚಿಕೆ ಪಡದೆ ಚರ್ಮದ ವೈದ್ಯರಿಗೆ ತೋರಿಸು. ಒಗೆದದ್ದನ್ನು ಹಿಂಡಬೇಡ, ನೆರಳಿನಲ್ಲಿ ಹರವು. ನಮ್ಮ ಬಿಸಿಲಿಗೆ ಎಲಾಸ್ಟಿಕ್ ಬಾಳುವುದಿಲ್ಲ.

ಫೋನಿನಲ್ಲಿ ತರಿಸುವುದಾದರೆ ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲೇ ನೋಡು, ಒಳಉಡುಪನ್ನು ಹಿಂದಕ್ಕೆ ಪಡೆಯದವರಿದ್ದಾರೆ. ನನಗೆ ಕೇಳಿದರೆ ಮೊದಲ ಸಲಕ್ಕೆ ತೊಟ್ಟು ನೋಡಿ ಕೊಳ್ಳುವುದೇ ಒಳ್ಳೆಯದು. ನಾನು ಈಗ ಹೋಗುವ ಅಂಗಡಿಯಲ್ಲಿ ಹೆಣ್ಣುಮಕ್ಕಳೇ ಅಳತೆ ನೋಡುತ್ತಾರೆ, ಒಳಗೆ ಬಾಗಿಲು ಹಾಕಿಕೊಳ್ಳುವ ಕೋಣೆಯಿದೆ, ದೊಡ್ಡ ಅಳತೆ ಕೇಳಿದರೆ ತರಿಸಿಯೂ ಕೊಡುತ್ತಾರೆ. ಬೆಲೆ ಸ್ವಲ್ಪ ಹೆಚ್ಚು; ಎರಡು ಕೊಳ್ಳೋಣ, ಒಂದರ ದುಡ್ಡು ನನ್ನದು. ಯಾರಾದರೂ ಒಂದು ಮಾತು ಆಡಿದರೆ ಉತ್ತರ ಕೊಡಲು ನಾನು ಪಕ್ಕದಲ್ಲಿರುತ್ತೇನೆ. ಶನಿವಾರ ಶಾಲೆ ಬೇಗ ಬಿಡುತ್ತದಲ್ಲ, ಅಲ್ಲಿಂದಲೇ ಬಸ್ಸು ಹತ್ತಿ ಬಾ. ಅದಕ್ಕೆ ಮುಂಚೆ ಆ ಎರಡು ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದು ಕಳಿಸು, ಅಂಗಡಿಯಲ್ಲಿ ಮೊದಲೇ ಹೇಳಿಡುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ