ಚಿತ್ರದಲ್ಲಿರುವುದು ಗರುಗವಲ್ಲ

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಗರುಗದ (ಭೃಂಗರಾಜ ಸೊಪ್ಪಿನ) ಎಣ್ಣೆ ಕಾಯಿಸುವ ಬಗೆಯನ್ನು ಬರೆದಿದ್ದೀರಿ. ಬರಹ ಚೆನ್ನಾಗಿದೆ. ಆದರೆ ಜೊತೆಗೆ ಹಾಕಿದ ಚಿತ್ರ ಗರುಗದ್ದಲ್ಲ, ಗಬ್ಬುಸಾವಂತಿಗೆಯದು. ಹದಿನೆಂಟು ವರ್ಷಗಳಿಂದ ಮನೆಯಲ್ಲೇ ತಲೆಗೆ ಹಚ್ಚುವ ಎಣ್ಣೆ ಕಾಯಿಸಿ ಮಾರುತ್ತಿರುವ ನನಗೆ ಸುಮ್ಮನಿರಲು ಆಗಲಿಲ್ಲ. ಸೋಮವಾರವೇ ಎದುರುಮನೆಯವರು ರೈಲು ಹಳಿಯ ಪಕ್ಕದಿಂದ ಒಂದು ಚೀಲ ಕಿತ್ತು ತಂದು, ‘ಅಕ್ಕಾ, ಬೀದಿಯಲ್ಲಿ ಬಿದ್ದಿರುವ ಸೊಪ್ಪಿಗೆ ಇಷ್ಟು ದುಡ್ಡು ತೆಗೆದುಕೊಳ್ಳುತ್ತೀರಾ?’ ಎಂದರು!

ಎರಡೂ ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದವೇ. ಗಬ್ಬುಸಾವಂತಿಗೆ ಅಮೆರಿಕದ ಉಷ್ಣ ಸೀಮೆಯಿಂದ ಬಂದು ಇಲ್ಲಿ ಬೀಡುಬಿಟ್ಟದ್ದು; ಟ್ರೈಡಾಕ್ಸ್ ಪ್ರೊಕಂಬೆನ್ಸ್ ಎಂದು ಅದರ ಶಾಸ್ತ್ರೀಯ ಹೆಸರು. ನಿಮ್ಮ ಚಿತ್ರವನ್ನೇ ನೋಡಿ. ಗೇಣುದ್ದದ, ರೋಮ ತುಂಬಿದ ತೊಟ್ಟಿನ ತುದಿಗೆ ಒಂದೇ ಹೂ. ನಡುವೆ ಹಳದಿ ಗುಂಡಿ, ಸುತ್ತ ಕೆನೆಬಣ್ಣದ ಐದಾರು ಎಸಳು. ಎಸಳಿನ ತುದಿ ದರ್ಜಿ ಕತ್ತರಿಯಿಂದ ಕಚ್ಚು ಹಾಕಿದಂತೆ ಮೂರು ಹಲ್ಲಾಗಿದೆ. ಎಸಳು ಎನ್ನುವುದೂ ಪೂರ್ತಿ ಸರಿಯಲ್ಲ, ಒಂದೊಂದೂ ಒಂದು ಹೂವೇ ಎಂದು ಮಗಳು ಬಿ.ಎಸ್ಸಿ. ಓದುವಾಗ ಹೇಳಿದ್ದಳು, ಹಳದಿ ಗುಂಡಿಯಂತೂ ಹೂಗಳ ಸಂತೆ. ಬಲಿತ ಮೇಲೆ ಊದಿದರೆ ಬೀಜಗಳು ಕೊಡೆ ಬಿಚ್ಚಿ ಹಾರುತ್ತವೆ.

ಗರುಗಕ್ಕೆ ತೇವ ಬೇಕು. ನಾನು ತರಿಸುವುದು ಹೊಳೆನರಸೀಪುರದ ಕಡೆಯ ಗದ್ದೆ ಬದುಗಳಿಂದ. ಹೂ ಕಿರುಬೆರಳಿನ ಉಗುರಿನಷ್ಟು, ಬಿಳಿ. ಎಸಳು ದಾರದ ಎಳೆಯಷ್ಟು ಸಣ್ಣ, ತೊಟ್ಟು ಗಿಡ್ಡ. ಬೀಜಕ್ಕೆ ಕೊಡೆಯಿಲ್ಲ. ಇಷ್ಟಾದರೂ ಅನುಮಾನವಿದ್ದರೆ ಎಲೆಯನ್ನು ಅಂಗೈಯಲ್ಲಿ ಉಜ್ಜಿ ಸ್ವಲ್ಪ ಹೊತ್ತು ಬಿಡಿ, ಗರುಗವಾದರೆ ರಸ ಕಪ್ಪಿಗೆ ತಿರುಗುತ್ತದೆ. ಎಣ್ಣೆ ಕಾಯಿಸಿದ ವಾರ ನನ್ನ ಅಂಗೈ ಗೆರೆಗಳೆಲ್ಲ ಕಪ್ಪು. ಮದುವೆಮನೆಯಲ್ಲಿ ಅರಿಸಿನ ಕುಂಕುಮಕ್ಕೆ ಕೈ ಚಾಚಲು ನಾಚಿಕೆಯಾಗುತ್ತದೆ.

ಗಬ್ಬುಸಾವಂತಿಗೆ ಕೆಲಸಕ್ಕೆ ಬಾರದ್ದು ಎನ್ನುತ್ತಿಲ್ಲ. ಚಿಕ್ಕವರಿದ್ದಾಗ ಮಂಡಿ ತರಚಿಕೊಂಡು ಬಂದರೆ ಅಜ್ಜಿ ಬೈಯುತ್ತಲೇ ಇದರ ಎಲೆ ಜಜ್ಜಿ ರಸ ಹಿಂಡುತ್ತಿದ್ದರು. ಮೊಲ ಸಾಕುವವರು ಇದನ್ನು ಹುಡುಕಿಕೊಂಡು ಬರುತ್ತಾರೆ. ಎದುರುಮನೆಯವರ ಚೀಲವೂ ಕೊನೆಗೆ ಹಿಂದಿನ ಬೀದಿಯ ಮೊಲದ ಗೂಡಿಗೇ ಹೋಯಿತು.

ಮುಂದಿನ ಪುರವಣಿಯಲ್ಲಿ ಸರಿಯಾದ ಚಿತ್ರ ಹಾಕಿ. ನಮ್ಮ ಹಿತ್ತಿಲಲ್ಲಿ ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಗರುಗದ ಗಿಡಗಳು ಹೂ ಬಿಟ್ಟಿವೆ, ನಿಮ್ಮ ಛಾಯಾಗ್ರಾಹಕರು ಯಾವಾಗ ಬೇಕಾದರೂ ಬರಬಹುದು.

— ಎಣ್ಣೆ ಮಾರುವ ಓದುಗಾರ್ತಿ, ಹಾಸನ