ಗುಂಯ್ ಸದ್ದು ನಿಲ್ಲಿಸಿದವರಿಗೆ

ಚಿಕ್ಕಮಗಳೂರಿನ ಕ್ಲಬ್ಬಿನಲ್ಲಿ ಕವಿತೆ, ಹಾಡು, ನಗೆಮಾತಿನ ಸಂಜೆ ಶುರುವಾಗುವ ಮುನ್ನ ಹಿಂದಿನ ಸಾಲಿನಿಂದ ಎದ್ದು ಬಂದು, ಹೆಸರೂ ಹೇಳದೆ ಹೋದವರೇ, ನಿಮಗೆ ಧನ್ಯವಾದ.

ಸ್ಪೀಕರಿನ ಗುಂಯ್ ಸದ್ದಿಗೆ ಎಲ್ಲರೂ ಮೈಕನ್ನೇ ಬೈಯುತ್ತಿದ್ದರು. ನೀವು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಿರಿ, ಸದ್ದು ನಿಂತಿತು. ಲ್ಯಾಪ್‌ಟಾಪ್ ಒಂದು ಪ್ಲಗ್ಗಿನಿಂದ, ಮಿಕ್ಸರ್ (ಮೈಕು, ಹಾಡುಗಳ ಸದ್ದು ಬೆರೆಸುವ ಯಂತ್ರ) ದೂರದ ಇನ್ನೊಂದರಿಂದ ಕರೆಂಟ್ ಪಡೆದರೆ ಎರಡು ಅರ್ಥಿಂಗ್‌ಗಳ ನಡುವೆ ಆಡಿಯೊ ಕೇಬಲ್ಲೇ ದಾರಿಯಾಗಿ 50 ಹರ್ಟ್ಸ್‌ನ ಗುನುಗು ಹುಟ್ಟುತ್ತದೆ. ಎರಡನ್ನೂ ಒಂದೇ ಬೋರ್ಡಿಗೆ ಹಾಕಿ, ನಡುವೆ ಡಿಐ ಬಾಕ್ಸ್ (ಸದ್ದಿನ ಸಿಗ್ನಲನ್ನು ಮಿಕ್ಸರಿಗೆ ಹೊಂದಿಸಿ ಕೊಡುವ ಪೆಟ್ಟಿಗೆ) ಇಟ್ಟು, ಆಡಿಯೊ ಕೇಬಲ್ಲಿನ ಅರ್ಥ್ ದಾರಿ ಕಡಿಯುವ ಅದರ 'ಗ್ರೌಂಡ್ ಲಿಫ್ಟ್' ಗುಂಡಿ ಒತ್ತಿದಿರಿ. ಪ್ಲಗ್ಗಿನ ಅರ್ಥ್ ಪಿನ್ ಮುರಿಯಲು ಹೊರಟವರನ್ನು ಗದರಿದ್ದಂತೂ ದೊಡ್ಡ ಉಪಕಾರ. ಜೀವಕ್ಕೇ ಅಪಾಯ, ಅದೂ ಮಳೆಗಾಲದ ಒದ್ದೆ ನೆಲದಲ್ಲಿ.

ಆಮೇಲೆ ಮೈಕಿನ ಕೀರಲು. ಸ್ಪೀಕರುಗಳನ್ನು ಮೈಕಿಗಿಂತ ಮುಂದೆ ಸರಿಸಿ, ಮಾನಿಟರನ್ನು (ವೇದಿಕೆಯ ಮೇಲಿನವರಿಗೆ ಕೇಳಿಸುವ ಸ್ಪೀಕರ್) ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕಿನ ಬೆನ್ನ ಕಡೆ ಇಟ್ಟಿರಿ. ಅಲ್ಲಿ ಮೈಕಿಗೆ ಕಿವಿ ಮಂದ. ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಹಿಡಿದರೆ ಆ ಗುಣವೇ ಹೋಗುತ್ತದೆ (ನಗಿಸುವವರು ಮಾಡುವುದೇ ಅದು!). ಕವಿಗಳಿಗೆ ಬಾಯಿಂದ ನಾಲ್ಕು ಬೆರಳು ದೂರ, ತುಸು ಓರೆ: 'ಪ', 'ಭ' ಬಂದಾಗ ಉಸಿರು ನೇರ ಬಡಿಯದು. 100 ಹರ್ಟ್ಸ್ ಕೆಳಗಿನ ತಗ್ಗು ಸದ್ದೆಲ್ಲ ಕಟ್. ರಿವರ್ಬ್ (ದನಿಗೆ ಸೇರಿಸುವ ಅನುರಣನ) ಹಾಡಿಗೆ ಮಾತ್ರ. ನಗೆಮಾತಿಗೂ ಹಾಕಿದರೆ ಕೊನೆಯ ಪದವೇ ಕಲಸಿಹೋಗುತ್ತದೆ.

ಕರೆಂಟ್ ಹೋದರೆ ಆಂಪ್ಲಿಫೈಯರ್ ಸ್ವಿಚ್ ಆಫ್; ಜನರೇಟರ್ ಬಂದಮೇಲೆ ಮಿಕ್ಸರ್ ಮೊದಲು, ಆಂಪ್ಲಿಫೈಯರ್ ಕೊನೆಗೆ, ಇಲ್ಲದಿದ್ದರೆ 'ಧಡ್' ಎಂದು ಸ್ಪೀಕರಿಗೆ ಪೆಟ್ಟು. ಹೀಗೆಂದು ನೀವು ಬರೆದಿಟ್ಟ ಚೀಟಿ ಮಿಕ್ಸರಿಗೆ ಅಂಟಿಕೊಂಡೇ ಇದೆ. ನಿಮ್ಮ ಎಕ್ಸ್‌ಎಲ್‌ಆರ್ ಮೈಕ್ ಕೇಬಲ್ ಒಂದೂ ಇಲ್ಲೇ ಉಳಿದಿದೆ, ಬಂದು ತೆಗೆದುಕೊಳ್ಳಿ.