ಕಾರ್ಖಾನೆಗಳಲ್ಲಿ ಕುಡಿತದ ಬಗ್ಗೆಯೂ ತಿಳಿಹೇಳಲಿ

ಮಾನ್ಯ ಸಂಪಾದಕರೇ,

ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಹೆಲ್ಮೆಟ್, ಗ್ಲೌಸ್ ಹಾಕಿಕೊಳ್ಳಿ ಎಂದು ಹೇಳುವವರಿದ್ದಾರೆ. ಕುಡಿತ, ಗಾಂಜಾ ಚಟದ ಬಗ್ಗೆ ಕಾರ್ಮಿಕರಿಗೆ ತಿಳಿಹೇಳುವವರು ಮಾತ್ರ ಕಡಿಮೆ. ರಸ್ತೆಯಲ್ಲಾದರೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಚಾಲಕನ ಮೇಲೆ ಕೇಸು. ಕುಡಿದು ಪವರ್ ಪ್ರೆಸ್ (ಲೋಹದ ತಗಡು ಒತ್ತುವ ಯಂತ್ರ) ಮುಂದೆ ನಿಂತವನ ಕೈಬೆರಳುಗಳಿಗೂ ಅಪಾಯವಿದೆ ಅಲ್ವಾ? ರಾತ್ರಿ ತಡವಾಗಿ ಜಾಸ್ತಿ ಕುಡಿದರೆ ಬೆಳಗಿನ ಪಾಳಿಯ ಹೊತ್ತಿಗೂ ಅಮಲು ಪೂರ್ತಿ ಇಳಿದಿರುವುದಿಲ್ಲ. ತಣ್ಣೀರು ಸ್ನಾನ, ಕಾಫಿ, ಮಜ್ಜಿಗೆ ಯಾವುದರಿಂದಲೂ ಅದು ಬೇಗ ಇಳಿಯದು. ಇಷ್ಟು ಸಂಗತಿಯೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಗೇಟಿನಲ್ಲಿ ಬಾಯಿ ವಾಸನೆ ನೋಡಿ ವಾಪಸ್ ಕಳಿಸಿದರೆ ಅಂದಿನ ಕೂಲಿ ಹೋಗುತ್ತದೆ, ಚಟ ಹೋಗುವುದಿಲ್ಲ. ಕೆಲಸ ಕಳೆದುಕೊಳ್ಳುವ ಭಯಕ್ಕೆ ಯಾರೂ ಬಾಯಿ ಬಿಡುವುದೂ ಇಲ್ಲ.

ಕಾರ್ಖಾನೆಯವರು ಸುಮ್ನೆ ಪೋಸ್ಟರ್ ಅಂಟಿಸುವ ಬದಲು ತಿಂಗಳಿಗೊಮ್ಮೆ, ಪಾಳಿಯ ಸಮಯದಲ್ಲೇ, ಅರ್ಧ ಗಂಟೆ ಕನ್ನಡದಲ್ಲೂ ಹಿಂದಿಯಲ್ಲೂ ಮಾತನಾಡಲಿ. ಗುತ್ತಿಗೆ ಕಾರ್ಮಿಕರನ್ನೂ ಕೂರಿಸಲಿ. ನಿಮ್ಹಾನ್ಸ್‌ನಲ್ಲಿ ಸಿಗುವ ಚಿಕಿತ್ಸೆ, ವ್ಯಸನಮುಕ್ತಿ ಸಹಾಯವಾಣಿ 14446 ಇವುಗಳ ವಿವರವನ್ನು ಸಂಬಳದ ಚೀಟಿಯಲ್ಲೇ ಅಚ್ಚು ಹಾಕಲಿ. ತಾನಾಗಿ ಚಿಕಿತ್ಸೆಗೆ ಹೋದವರ ಕೆಲಸ ಉಳಿಯುತ್ತದೆ ಎಂದು ಆಡಳಿತ ಮಂಡಳಿಗಳು ಬರೆದುಕೊಡಲಿ.

– ಓದುಗ, ದಾಸರಹಳ್ಳಿ, ಬೆಂಗಳೂರು